ಎರಡನೇ ಹಾಡು ನಮ್ಮ ಕಿವಿಗೆ ಬೀಳಲಿಲ್ಲ

ತೊಂಬತ್ತರ ದಶಕದ ಹಾಸ್ಟೆಲ್ ದಿನಗಳಲ್ಲಿ ನನ್ನ ರೂಮಿನ ಗೆಳೆಯನ ಹತ್ತಿರ ಒಂದು ಕ್ಯಾಸೆಟ್ ಇತ್ತು. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದು ಅಂಗಡಿಗೆ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದ ಕಾಲ ಅದು. ಎ ಬದಿಯಲ್ಲಿ ಹತ್ತು, ಬಿ ಬದಿಯಲ್ಲಿ ಹನ್ನೊಂದು ಇಂಗ್ಲಿಷ್ ಹಾಡು. ಜಾಗ ಕಡಿಮೆ, ಆಸೆ ಜಾಸ್ತಿ. ಹಾಗಾಗಿ ಒಬ್ಬೊಬ್ಬರದು ಒಂದೊಂದೇ ಹಾಡು. ಟೇಪು ಸವೆಯುವಷ್ಟು ಸಲ ಅದನ್ನು ಕೇಳಿದ್ದೇವೆ. ನಾರ್ವೆಯ ಎ-ಹಾ ತಂಡ ಎಂದರೆ ‘ಟೇಕ್ ಆನ್ ಮಿ’, ಇಂಗ್ಲೆಂಡಿನ ಸಾಫ್ಟ್ ಸೆಲ್ ಎಂದರೆ ‘ಟೇಂಟೆಡ್ ಲವ್’, ಅದರಾಚೆ ಅವರದೇನೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ.

ಇಂಥವರನ್ನು ‘ಒನ್ ಹಿಟ್ ವಂಡರ್’ ಎನ್ನುತ್ತಾರೆ. ಒಂದೇ ಹಾಡಿನಲ್ಲಿ ಮಿಂಚಿ ಮರೆಯಾದವರು ಎಂಬುದು ಅದರ ಇಂಗಿತ. ಟಿವಿ ಚಾನೆಲ್‌ಗಳು, ಸಂಗೀತ ಪತ್ರಿಕೆಗಳು ಇವರ ಪಟ್ಟಿಯನ್ನು ಮತ್ತೆ ಮತ್ತೆ ಮಾಡುತ್ತಲೇ ಇರುತ್ತವೆ. ಆ ಪಟ್ಟಿಗಳ ಧಾಟಿಯಲ್ಲಿ ಒಂದಿಷ್ಟು ಕನಿಕರ, ಒಂದಿಷ್ಟು ತಾತ್ಸಾರ. ಎರಡೂ ಸಲ್ಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಒಂದೇ ಹಿಟ್’ ಎನ್ನುವ ಮಾತು ಕಲಾವಿದರ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ, ಲೆಕ್ಕ ಇಟ್ಟವರು ಯಾವ ದೇಶದಲ್ಲಿ ಕೂತು ಲೆಕ್ಕ ಇಟ್ಟರು ಎಂಬುದನ್ನು ಹೇಳುತ್ತದೆ.

ತಪ್ಪು ಕಲ್ಪನೆ: ಒಂದೇ ಹಿಟ್ ಕೊಟ್ಟವರು ಎಂದರೆ ಪ್ರತಿಭೆ ಅಷ್ಟಕ್ಕಷ್ಟೇ.

ವಾಸ್ತವ: ಮೊದಲು ಈ ಲೆಕ್ಕ ಎಲ್ಲಿಂದ ಬಂತು ನೋಡೋಣ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರ ಆಗಸ್ಟ್‌ನಿಂದ ‘ಹಾಟ್ 100’ ಎಂಬ ವಾರದ ಪಟ್ಟಿ ಪ್ರಕಟಿಸುತ್ತಿದೆ. ಅದರ ಮೊದಲ ನಲವತ್ತು ಸ್ಥಾನಗಳೊಳಗೆ ಜೀವಮಾನದಲ್ಲಿ ಒಂದೇ ಹಾಡು ಬಂದಿದ್ದರೆ ಆ ಕಲಾವಿದ ಒನ್ ಹಿಟ್ ವಂಡರ್. ಹೆಚ್ಚಿನ ಪಟ್ಟಿಗಳು ಹಿಡಿಯುವ ಅಳತೆಗೋಲು ಇದೇ.

ಈ ಕೋಲು ಹಿಡಿದು ಜಿಮಿ ಹೆಂಡ್ರಿಕ್ಸ್ ಅವರನ್ನು ಅಳೆಯಿರಿ. ಎಲೆಕ್ಟ್ರಿಕ್ ಗಿಟಾರಿನ ನಾದವನ್ನೇ ಬದಲಿಸಿದವರು ಅವರು. ಅವರ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಆದರೆ ಬಿಡಿ ಹಾಡುಗಳ ಪಟ್ಟಿಯಲ್ಲಿ ಮೊದಲ ನಲವತ್ತರೊಳಗೆ ಬಂದದ್ದು ಒಂದೇ: 1968ರ ‘ಆಲ್ ಅಲಾಂಗ್ ದಿ ವಾಚ್‌ಟವರ್’, 20ನೇ ಸ್ಥಾನ. ಅದೂ ಬಾಬ್ ಡಿಲನ್ ಬರೆದ ಹಾಡು. ಹೆಂಡ್ರಿಕ್ಸ್ ಎಂದೊಡನೆ ನೆನಪಾಗುವ ‘ಪರ್ಪಲ್ ಹೇಝ್’ ಅಲ್ಲಿ 65ಕ್ಕೇ ನಿಂತಿತು. ಅದೇ ಹಾಡು ಬ್ರಿಟನ್ನಿನಲ್ಲಿ 3ನೇ ಸ್ಥಾನ ಕಂಡಿತ್ತು. ಗ್ರೇಟ್‌ಫುಲ್ ಡೆಡ್ ತಂಡ ಶುರುವಾದದ್ದು 1965ರಲ್ಲಿ. ಊರಿಂದೂರಿಗೆ ಹಿಂಬಾಲಿಸುವ ಅಭಿಮಾನಿ ಪರಿವಾರವೇ ಅವರಿಗಿತ್ತು. ಮೊದಲ ನಲವತ್ತರೊಳಗೆ ಅವರ ಹಾಡು ಕಾಲಿಟ್ಟದ್ದು 22 ವರ್ಷಗಳ ನಂತರ, 1987ರ ‘ಟಚ್ ಆಫ್ ಗ್ರೇ’ಯಿಂದ. ಆಮೇಲೆ ಮತ್ತೊಂದಿಲ್ಲ. ಹೆಂಡ್ರಿಕ್ಸ್ ಅವರನ್ನು ಸಾಧಾರಣ ಕಲಾವಿದ ಎಂದು ಹೇಳುವ ಅಳತೆಗೋಲು ಇದ್ದರೆ, ತಿದ್ದಬೇಕಾದದ್ದು ಕೋಲನ್ನು.

ತಪ್ಪು ಕಲ್ಪನೆ: ಅವರು ಜಗತ್ತಿಗೆಲ್ಲ ಒಂದೇ ಹಾಡಿನವರು.

ವಾಸ್ತವ: ನನಗೆ ಅತಿ ಹೆಚ್ಚು ನೋವು ಕೊಡುವ ತಪ್ಪು ಇದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಜಪಾನಿನ ಕ್ಯೂ ಸಾಕಾಮೋಟೊ 1961ರಲ್ಲಿ ‘ಉಎ ಓ ಮುಯಿತೆ ಅರುಕೋ’ ಎಂಬ ಹಾಡು ಹಾಡಿದರು. ತಲೆ ಎತ್ತಿ ನಡೆಯೋಣ ಎಂದು ಅದರ ಅರ್ಥ. ಕಣ್ಣೀರು ಕೆಳಗೆ ಬೀಳಬಾರದು ಎಂದು ಮೇಲೆ ನೋಡುತ್ತ ನಡೆಯುವ ಒಂಟಿ ಮನುಷ್ಯನ ಹಾಡು. ಸಾಹಿತ್ಯ ರೊಕುಸುಕೆ ಎಇ ಅವರದು, ಸಂಗೀತ ಹಾಚಿದೈ ನಾಕಾಮುರ ಅವರದು. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ಜಪಾನಿನಲ್ಲಿ ದೊಡ್ಡ ಪ್ರತಿಭಟನೆಗಳು ನಡೆದವು, ಆದರೂ ಒಪ್ಪಂದವನ್ನು ತಡೆಯಲಾಗಲಿಲ್ಲ. ಆ ಪ್ರತಿಭಟನೆಯಿಂದ ಮನೆಗೆ ಮರಳುತ್ತಿದ್ದ ಎಇ ಅವರ ನಿರಾಶೆಯಲ್ಲಿ ಹುಟ್ಟಿದ ಸಾಲುಗಳವು. ಕೇಳಿದರೆ ಇದು ಗೊತ್ತೇ ಆಗುವುದಿಲ್ಲ. ರಾಗ ಹಗುರ, ಹೆಜ್ಜೆ ಹಾಕುವ ಲಯ, ದನಿಯಲ್ಲಿ ಸಣ್ಣದೊಂದು ಬಿಕ್ಕು. ಮಾತು ಮುಗಿದಂತೆನಿಸಿದ ಕಡೆ ಸಾಕಾಮೋಟೊ ಶಿಳ್ಳೆ ಹಾಕುತ್ತಾರೆ. ಅಳು ಬರುವಾಗ ಗಂಟಲು ಸರಿಮಾಡಿಕೊಂಡು ಶಿಳ್ಳೆ ಹಾಕುತ್ತ ಹೋಗುವವರನ್ನು ನೋಡಿದ್ದೀರಲ್ಲ, ಹಾಗೆ.

ಈ ಹಾಡು ಪಶ್ಚಿಮಕ್ಕೆ ಹೋದಾಗ ಅದರ ಹೆಸರು ‘ಸುಕಿಯಾಕಿ’ ಆಯಿತು. ಜಪಾನೀ ಹೆಸರು ನಾಲಿಗೆಗೆ ಹೊರಳುವುದಿಲ್ಲ ಎಂದು ಬ್ರಿಟನ್ನಿನ ರೆಕಾರ್ಡ್ ಕಂಪನಿಯವರು ಇಟ್ಟ ಹೆಸರು. ಸುಕಿಯಾಕಿ ಎಂದರೆ ದನದ ಮಾಂಸ, ತರಕಾರಿ ಹಾಕಿ ಬೇಯಿಸುವ ಒಂದು ಅಡುಗೆ. ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಭಾವಗೀತೆಯೊಂದನ್ನು ಹೊರದೇಶದಲ್ಲಿ ‘ಬಿಸಿಬೇಳೆಬಾತ್’ ಎಂದು ಮಾರಿದರೆ ನಮಗೆ ಹೇಗಾದೀತು? ಆ ಹೆಸರಿನಲ್ಲೇ ಅದು 1963ರ ಜೂನ್‌ನಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿ ಮೂರು ವಾರ ಅಲ್ಲಿತ್ತು. ಏಷ್ಯಾದ ಭಾಷೆಯ ಹಾಡೊಂದು ಹಾಟ್ 100ರ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಅವರ ಮುಂದಿನ ಹಾಡು ‘ಚೈನಾ ನೈಟ್ಸ್’ 58ರಲ್ಲಿ ನಿಂತಿತು. ಅಮೆರಿಕದ ಪುಸ್ತಕಗಳಲ್ಲಿ ಸಾಕಾಮೋಟೊ ಕತೆ ಅಲ್ಲಿಗೆ ಮುಗಿಯುತ್ತದೆ.

ಜಪಾನಿನಲ್ಲಿ ಮುಗಿಯಲಿಲ್ಲ. ಅಲ್ಲಿ ಅವರು ಗಾಯಕ, ನಟ, ಟಿವಿಯ ಪರಿಚಿತ ಮುಖ. ನಾಳೆ ಎಂಬುದೊಂದಿದೆ ಎಂದು ಹೇಳುವ ಅವರ ‘ಆಶಿತ ಗ ಅರು ಸಾ’ ಅರವತ್ತರ ದಶಕದ ಜನಪ್ರಿಯ ಹಾಡು. 2001ರಲ್ಲಿ ಹೊಸ ಕಲಾವಿದರು ಅದನ್ನು ಮತ್ತೆ ಹಾಡಿದಾಗ ಮತ್ತೊಮ್ಮೆ ಜಪಾನಿನ ತುಂಬ ಹಬ್ಬಿತು. ಅಷ್ಟು ಹೊತ್ತಿಗೆ ಸಾಕಾಮೋಟೊ ಇರಲಿಲ್ಲ. 1985ರ ಆಗಸ್ಟ್ 12ರಂದು ಟೋಕಿಯೋದಿಂದ ಒಸಾಕಾಗೆ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 520 ಮಂದಿ ಸತ್ತರು. ಅವರಲ್ಲಿ ಸಾಕಾಮೋಟೊ ಒಬ್ಬರು. 43 ವರ್ಷ ವಯಸ್ಸು. ಒಂದು ದೇಶ ತನ್ನ ಮೆಚ್ಚಿನ ಗಾಯಕನನ್ನು ಕಳೆದುಕೊಂಡು ಅತ್ತಿತು. ಇನ್ನೊಂದು ದೇಶದ ಪಟ್ಟಿಯಲ್ಲಿ ಅದೇ ಮನುಷ್ಯ ‘ಒಂದೇ ಹಾಡಿನವನು’.

ಎ-ಹಾ ವಿಷಯದಲ್ಲಂತೂ ಪಟ್ಟಿ ಮಾಡುವವರು ತಮ್ಮ ಅಳತೆಗೋಲನ್ನೇ ಮರೆಯುತ್ತಾರೆ. ‘ಟೇಕ್ ಆನ್ ಮಿ’ 1985ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದರ ಹಿಂದೆಯೇ ಬಂದ ‘ದಿ ಸನ್ ಆಲ್ವೇಸ್ ಶೈನ್ಸ್ ಆನ್ ಟಿವಿ’ ಅದೇ ಅಮೆರಿಕದಲ್ಲಿ 20ನೇ ಸ್ಥಾನ ಪಡೆಯಿತು. ಎಂದರೆ ನಿಯಮದ ಪ್ರಕಾರವೇ ಅವರು ಒನ್ ಹಿಟ್ ವಂಡರ್ ಅಲ್ಲ. ಬ್ರಿಟನ್ನಿನಲ್ಲಿ ‘ಟೇಕ್ ಆನ್ ಮಿ’ ಎರಡನೇ ಸ್ಥಾನಕ್ಕೆ ನಿಂತರೆ, ಈ ಎರಡನೇ ಹಾಡು ಮೊದಲ ಸ್ಥಾನ ಗೆದ್ದಿತು. 1987ರಲ್ಲಿ ಜೇಮ್ಸ್ ಬಾಂಡ್ ಚಿತ್ರ ‘ದಿ ಲಿವಿಂಗ್ ಡೇಲೈಟ್ಸ್’ನ ಶೀರ್ಷಿಕೆ ಗೀತೆ ಹಾಡಿದವರು ಇವರೇ. 1991ರಲ್ಲಿ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಎ-ಹಾ ಹಾಡನ್ನು ಕೇಳಲು ಟಿಕೆಟ್ ಕೊಂಡು ಬಂದವರು 1,98,000 ಮಂದಿ. ಗಿನ್ನೆಸ್ ದಾಖಲೆಗೆ ಸೇರಿದ ಸಂಖ್ಯೆ ಅದು. ಎರಡು ಲಕ್ಷ ಜನ ಒಂದೇ ಹಾಡಿಗಾಗಿ ಸಂಜೆಯೆಲ್ಲ ನಿಲ್ಲುವುದಿಲ್ಲ.

ಜರ್ಮನಿಯ ನೇನಾ ಕತೆಯೂ ಹೀಗೇ. ಪಶ್ಚಿಮ ಬರ್ಲಿನ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮದ ಕೊನೆಗೆ ಹಾರಿಬಿಟ್ಟ ಬಲೂನುಗಳನ್ನು ನೋಡಿ ತಂಡದ ಗಿಟಾರ್ ವಾದಕ ಕಾರ್ಲೊ ಕಾರ್ಗೆಸ್‌ಗೆ ಒಂದು ಯೋಚನೆ ಬಂತು. ಇವು ಬರ್ಲಿನ್ ಗೋಡೆ ದಾಟಿ ಪೂರ್ವಕ್ಕೆ ತೇಲಿಹೋದರೆ ಅಲ್ಲಿನ ಸೈನ್ಯ ಏನೆಂದುಕೊಂಡೀತು? ಶೀತಲ ಸಮರದ ಆ ಭಯದಿಂದ 1983ರ ‘99 ಲುಫ್ಟ್‌ಬಲೂನ್ಸ್’ ಹುಟ್ಟಿತು. ಜರ್ಮನ್ ಭಾಷೆಯಲ್ಲೇ ಅದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಇಂಥ ಹಾಡುಗಳೆಲ್ಲ ಕುಣಿದು ಮರೆಯುವ ಹಗುರ ಸರಕು ಎನ್ನುವವರು ಇದರ ಅರ್ಥವನ್ನು ಒಮ್ಮೆ ಕೇಳಿ ತಿಳಿಯಬೇಕು. ನೇನಾ ಜರ್ಮನಿಯಲ್ಲಿ ಆಮೇಲೂ ದಶಕಗಳ ಕಾಲ ಹಾಡಿದರು.

ತಪ್ಪು ಕಲ್ಪನೆ: ರಾತ್ರೋರಾತ್ರಿ ಬಂದ ಅದೃಷ್ಟ.

ವಾಸ್ತವ: ‘ಮಕರೇನಾ’ ಗೊತ್ತಿಲ್ಲದವರು ನನ್ನ ತಲೆಮಾರಿನಲ್ಲಿ ಕಡಿಮೆ. ಎರಡೂ ಕೈ ಮುಂದೆ ಚಾಚಿ, ಅಂಗೈ ತಿರುಗಿಸಿ, ಭುಜ, ತಲೆ, ಸೊಂಟ ಮುಟ್ಟಿ ಪಕ್ಕಕ್ಕೆ ತಿರುಗುವ ಆ ಕುಣಿತ ನಮ್ಮೂರ ಶಾಲೆಗಳ ವಾರ್ಷಿಕೋತ್ಸವದ ವೇದಿಕೆಗಳಿಗೂ ಬಂದಿತ್ತು. ಅದನ್ನು ಹಾಡಿದ ಲೋಸ್ ದೆಲ್ ರಿಯೊ ಎಂದರೆ ಆಂಟೋನಿಯೊ ರೊಮೆರೊ ಮತ್ತು ರಫಾಯೆಲ್ ರುಯಿಸ್ ಎಂಬ ಇಬ್ಬರು. ಸ್ಪೇನಿನ ಸೆವಿಯ್ಯಾ ನಗರದ ಪಕ್ಕದ ದೋಸ್ ಎರ್ಮಾನಾಸ್ ಎಂಬ ಊರಿನವರು. ಜೋಡಿಯಾಗಿ ಹಾಡಲು ಶುರುಮಾಡಿದ್ದು ಅರವತ್ತರ ದಶಕದ ಆರಂಭದಲ್ಲಿ. 1992ರಲ್ಲಿ ವೆನೆಜುವೆಲಾದ ಒಂದು ಔತಣಕೂಟದಲ್ಲಿ ಒಬ್ಬ ನರ್ತಕಿಯ ಕುಣಿತ ನೋಡಿ ರೊಮೆರೊ ಆಶುವಾಗಿ ಹೇಳಿದ ಮಾತು ಹಾಡಾಯಿತು. 1993ರಲ್ಲಿ ಬಿಡುಗಡೆ. ಮಯಾಮಿಯ ಬೇಸೈಡ್ ಬಾಯ್ಸ್ ಇಂಗ್ಲಿಷ್ ಸಾಲು ಸೇರಿಸಿ ಹೊಸ ರೂಪ ಕೊಟ್ಟ ಮೇಲೆ 1996ರಲ್ಲಿ ಅಮೆರಿಕದಲ್ಲಿ 14 ವಾರ ಮೊದಲ ಸ್ಥಾನ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮದುವೆ, ಜಾತ್ರೆ, ಔತಣಗಳಲ್ಲಿ ಹಾಡಿ ಹಣ್ಣಾದ ದನಿಗಳವು. ಅವರ ‘ರಾತ್ರೋರಾತ್ರಿ’ಯ ಉದ್ದ ಅಷ್ಟು.

‘ಹೂ ಲೆಟ್ ದಿ ಡಾಗ್ಸ್ ಔಟ್’ನ ಬಹಾ ಮೆನ್ ಬಹಾಮಾಸ್‌ನಲ್ಲಿ 1977ರಿಂದ ಹಾಡುತ್ತಿದ್ದರು, ಆ ಹಾಡು ಬಂದದ್ದು 2000ದಲ್ಲಿ. ಕೊರಿಯಾದ ಸೈ ಅವರಿಗೆ 2012ರ ‘ಗಂಗ್ನಮ್ ಸ್ಟೈಲ್’ ಆರನೇ ಆಲ್ಬಮ್‌ನ ಹಾಡು. ‘ಟೇಕ್ ಆನ್ ಮಿ’ ಕೂಡ 1984ರಲ್ಲಿ ಒಮ್ಮೆ ಬಿಡುಗಡೆಯಾಗಿ ಬಿದ್ದುಹೋಗಿತ್ತು. ನಿರ್ಮಾಪಕರನ್ನು ಬದಲಿಸಿ ಮತ್ತೆ ರೆಕಾರ್ಡ್ ಮಾಡಿದರು. ಆಮೇಲೆ ಸ್ಟೀವ್ ಬ್ಯಾರನ್ ನಿರ್ದೇಶನದ ವಿಡಿಯೋ ಬಂತು: ಹೋಟೆಲಿನಲ್ಲಿ ಕಾಮಿಕ್ಸ್ ಓದುತ್ತ ಕೂತ ಹುಡುಗಿಯತ್ತ ಪುಟದೊಳಗಿನಿಂದ ಪೆನ್ಸಿಲ್ ಗೆರೆಯ ಕೈಯೊಂದು ಚಾಚುತ್ತದೆ, ಅವಳು ಅದನ್ನು ಹಿಡಿದು ಚಿತ್ರದೊಳಕ್ಕೆ ಹೋಗುತ್ತಾಳೆ. ಸುಮಾರು 3,000 ಫ್ರೇಮುಗಳನ್ನು ಕೈಯಲ್ಲೇ ಗೀಚಿದ ಕೆಲಸ, ತಿಂಗಳುಗಟ್ಟಲೆ ಹಿಡಿಯಿತು. ಆ ಗೆರೆಗಳ ನಡುಕ ಇವತ್ತಿಗೂ ಜೀವಂತ.

ತಪ್ಪು ಕಲ್ಪನೆ: ಒಂದು ಹಿಟ್ ಸಾಕು, ಜೀವಮಾನವಿಡೀ ಕೂತು ಉಣ್ಣಬಹುದು.

ವಾಸ್ತವ: ಹಾಡು ಬರೆದವರು ಯಾರು, ಹಾಡಿದವರು ಯಾರು ಎಂಬುದರ ಮೇಲೆ ದುಡ್ಡಿನ ದಾರಿ ಕವಲೊಡೆಯುತ್ತದೆ. ‘ಟೇಂಟೆಡ್ ಲವ್’ ಬರೆದದ್ದು ಎಡ್ ಕಾಬ್, ಅರವತ್ತರ ದಶಕದಲ್ಲಿ ಮೊದಲು ಹಾಡಿದ್ದು ಗ್ಲೋರಿಯಾ ಜೋನ್ಸ್. ಆಗ ಅದು ಓಡಲಿಲ್ಲ. ಉತ್ತರ ಇಂಗ್ಲೆಂಡಿನ ಸೋಲ್ ಸಂಗೀತದ ಕ್ಲಬ್ಬುಗಳಲ್ಲಿ ಅದು ಉಸಿರಾಡಿಕೊಂಡಿತ್ತು. ಅಲ್ಲಿಂದ ಸಾಫ್ಟ್ ಸೆಲ್ ಜೋಡಿ ಮಾರ್ಕ್ ಆಲ್ಮಂಡ್ ಮತ್ತು ಡೇವಿಡ್ ಬಾಲ್ ಎತ್ತಿಕೊಂಡು 1981ರಲ್ಲಿ ಸಿಂಥಸೈಜರಿನ ಎರಡು ಹೊಡೆತದೊಂದಿಗೆ ಹೊಸದಾಗಿ ಹಾಡಿದರು. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದ ಪಟ್ಟಿಯಲ್ಲಿ 43 ವಾರ. ಆದರೆ ರಚನೆಯ ರಾಯಧನ ಹೋದದ್ದು ಕಾಬ್ ಅವರಿಗೆ. ರೆಕಾರ್ಡಿನ ಹಿಂಬದಿಯಲ್ಲಾದರೂ ತಮ್ಮದೇ ರಚನೆ ಹಾಕಿದ್ದರೆ ಅದರ ಪಾಲು ಸಿಗುತ್ತಿತ್ತು. ಅಲ್ಲೂ ಸುಪ್ರೀಮ್ಸ್ ತಂಡದ ಹಾಡೊಂದನ್ನೇ ಹಾಡಿ ಹಾಕಿದ್ದರು. ಲಕ್ಷಾಂತರ ಪ್ರತಿ ಮಾರಾಟವಾದ ಆ ರೆಕಾರ್ಡಿನ ಎರಡೂ ಬದಿಯಲ್ಲಿ ರಚನೆಕಾರರಾಗಿ ಅವರಿಗೆ ಒಂದು ಪೈಸೆಯೂ ಇರಲಿಲ್ಲ.

ಅಮೆರಿಕದ ಎಫ್‌ಎಂ, ಎಎಂ ರೇಡಿಯೋಗಳು ಹಾಡು ಪ್ರಸಾರ ಮಾಡಿದಾಗ ಬರೆದವರಿಗೆ, ಪ್ರಕಾಶಕರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ನಮ್ಮಲ್ಲಿ ಪರಿಸ್ಥಿತಿ ಇನ್ನೊಂದು ಬಗೆಯದು. ಸಿನಿಮಾ ಹಾಡುಗಳ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರ ಪಾಲಾಗುತ್ತಿತ್ತು. ಗೀತರಚನೆಕಾರರು, ಸಂಗೀತ ನಿರ್ದೇಶಕರು ಬರೆದುಕೊಟ್ಟರೂ ಕೈಬಿಟ್ಟು ಹೋಗದ ರಾಯಧನದ ಹಕ್ಕು ಕಾನೂನಿನಲ್ಲಿ ಗಟ್ಟಿಯಾದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ. ಅದಕ್ಕೂ ಹಿಂದಿನ ಎಷ್ಟು ಕನ್ನಡ ಗೀತೆಗಳು ಮನೆಮನೆಯಲ್ಲಿ ಮೊಳಗಿದವು, ಬರೆದವರ ಮನೆಗೆ ಎಷ್ಟು ಬಂತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಆಸ್ಟ್ರೇಲಿಯಾದ ಗೋಟಿಯೆ ಅವರ ‘ಸಮ್‌ಬಡಿ ದಟ್ ಐ ಯೂಸ್ಡ್ ಟು ನೋ’ 2012ರಲ್ಲಿ ಅಮೆರಿಕದಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಅದರ ಗಿಟಾರ್ ತುಣುಕು ಬ್ರೆಜಿಲ್‌ನ ಲೂಯಿಸ್ ಬೊನ್ಫಾ ಅವರ 1967ರ ‘ಸೆವಿಲ್’ನಿಂದ ತಂದದ್ದು. ರಚನೆಯ ರಾಯಧನದಲ್ಲಿ ಶೇ. 45 ಬೊನ್ಫಾ ಕುಟುಂಬಕ್ಕೆ ಹೋಯಿತು. ಗೋಟಿಯೆ ತಮ್ಮ ವಿಡಿಯೋಗೆ ಯೂಟ್ಯೂಬ್ ಜಾಹೀರಾತು ಹಾಕಲೂ ಒಪ್ಪಲಿಲ್ಲ. ಎಲ್ಲರೂ ದುಡ್ಡಿಗೇ ಕೂತಿರುವುದಿಲ್ಲ.

ತಪ್ಪು ಕಲ್ಪನೆ: ಹಿಟ್ ಮುಗಿದ ಮೇಲೆ ಕಾಣೆಯಾದರು.

ವಾಸ್ತವ: ಎಂಟಿವಿ 1981ರ ಆಗಸ್ಟ್ 1ರಂದು ಶುರುವಾದಾಗ ತೋರಿಸಿದ ಮೊದಲ ವಿಡಿಯೋ ಬಗಲ್ಸ್ ತಂಡದ ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’. ಅಮೆರಿಕದಲ್ಲಿ ಅವರದು ಅದೊಂದೇ. ದಪ್ಪ ಕನ್ನಡಕ ಹಾಕಿಕೊಂಡು ಅದನ್ನು ಹಾಡಿದ ಟ್ರೆವರ್ ಹಾರ್ನ್ ಮುಂದೆ ನಿರ್ಮಾಪಕರಾದರು. ಯೆಸ್ ತಂಡದ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’, ಫ್ರಾಂಕಿ ಗೋಸ್ ಟು ಹಾಲಿವುಡ್‌ನ ‘ರಿಲ್ಯಾಕ್ಸ್’, ಸೀಲ್ ಅವರ ‘ಕಿಸ್ ಫ್ರಮ್ ಎ ರೋಸ್’ ಎಲ್ಲವೂ ಅವರ ಕೈಯಲ್ಲಿ ರೂಪುಗೊಂಡವು. ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಹೇಗೆ ಕೇಳಿಸಬೇಕು ಎಂದು ತೀರ್ಮಾನಿಸಿದವರಲ್ಲಿ ಅವರು ಪ್ರಮುಖರು. ನೀವು ಹಾರ್ನ್ ಅವರನ್ನು ಹತ್ತಾರು ಸಲ ಕೇಳಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೇ.

‘ವಾಟ್ಸ್ ಅಪ್?’ ಹಾಡಿದ ಫೋರ್ ನಾನ್ ಬ್ಲಾಂಡ್ಸ್ ತಂಡದ ಲಿಂಡಾ ಪೆರಿ ಮುಂದೆ ಕ್ರಿಸ್ಟಿನಾ ಅಗಿಲೆರಾ ಅವರಿಗೆ ‘ಬ್ಯೂಟಿಫುಲ್’ ಬರೆದರು. ನ್ಯೂ ರ್‍ಯಾಡಿಕಲ್ಸ್‌ನ ಗ್ರೆಗ್ ಅಲೆಕ್ಸಾಂಡರ್ 1999ರಲ್ಲಿ, ಎರಡನೇ ಹಾಡು ಬಿಡುಗಡೆಯಾಗುವ ಮೊದಲೇ, ತಾವಾಗಿ ತಂಡವನ್ನು ಮುಚ್ಚಿದರು. ವೇದಿಕೆ ಬೇಡ, ಬರೆಯುವುದು ಸಾಕು ಎಂದು. ಮುಂದೆ ಅವರು ಬರೆದ ‘ದಿ ಗೇಮ್ ಆಫ್ ಲವ್’ ಸಂತಾನಾ ಮತ್ತು ಮಿಶೆಲ್ ಬ್ರಾಂಚ್ ದನಿಯಲ್ಲಿ ಗ್ರ್ಯಾಮಿ ಗೆದ್ದಿತು, ‘ಲಾಸ್ಟ್ ಸ್ಟಾರ್ಸ್’ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಗೋಟಿಯೆ ‘ಒಂಡಿಯೋಲಿನ್’ ಎಂಬ ನಲವತ್ತರ ದಶಕದ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯಕ್ಕೆ ಮರುಜೀವ ಕೊಡುವ ಕೆಲಸಕ್ಕೆ ಕೂತರು. ಅದಕ್ಕೊಂದು ವಾದ್ಯವೃಂದವನ್ನೇ ಕಟ್ಟಿದರು.

ನಮಗೆಲ್ಲ ಹತ್ತಿರದ ಕತೆ ಥಾಮಸ್ ಡಾಲ್ಬಿ ಅವರದು. 1983ರಲ್ಲಿ ‘ಶಿ ಬ್ಲೈಂಡೆಡ್ ಮಿ ವಿತ್ ಸೈನ್ಸ್’ ಅಮೆರಿಕದಲ್ಲಿ ಐದನೇ ಸ್ಥಾನಕ್ಕೆ ಬಂತು. ನಂತರ ಅವರು ಬೀಟ್‌ನಿಕ್ ಎಂಬ ಕಂಪನಿ ಕಟ್ಟಿದರು. ನೋಕಿಯಾ ಮೊಬೈಲುಗಳಲ್ಲಿ ಹಲವು ಸ್ವರ ಒಟ್ಟಿಗೆ ಕೇಳಿಸುವ ಪಾಲಿಫೋನಿಕ್ ರಿಂಗ್‌ಟೋನ್ ಬಂತಲ್ಲ, ಅದನ್ನು ನುಡಿಸುತ್ತಿದ್ದುದು ಆ ಕಂಪನಿಯ ತಂತ್ರಾಂಶ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ ನಾವು ಕೇಳಿದ ಆ ನಾದದ ಹಿಂದೆ ‘ಕಾಣೆಯಾದ’ ಒಬ್ಬ ಪಾಪ್ ಗಾಯಕನ ಬುದ್ಧಿ ಇತ್ತು.

ತಪ್ಪು ಕಲ್ಪನೆ: ಎರಡನೇ ಹಿಟ್ ಬರುವುದು, ಬಾರದಿರುವುದು ಹಣೆಬರಹ.

ವಾಸ್ತವ: ಅದೃಷ್ಟದ ಪಾಲು ಇದ್ದೇ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಸ್ಟಿನ್ ಬರ್ಗ್ 1959ರಿಂದ 2010ರವರೆಗಿನ ಅಮೆರಿಕದ ಸುಮಾರು 69,000 ಕಲಾವಿದರ ಲಕ್ಷಾಂತರ ಹಾಡುಗಳನ್ನು ಪರಿಶೀಲಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಹಿಟ್‌ಗೆ ಮುಂಚೆಯೇ ತಮ್ಮದೇ ಹೊಸತನದ ಹಾಡುಗಳನ್ನು ಕಟ್ಟಿಕೊಂಡಿದ್ದವರು ಮತ್ತೆ ಮತ್ತೆ ಗೆದ್ದರು. ಚಾಲ್ತಿಯಲ್ಲಿದ್ದ ಜಾಡಿನಲ್ಲೇ ಹಾಡಿ ಗೆದ್ದವರು ಒಂದಕ್ಕೇ ನಿಲ್ಲುವ ಸಂಭವ ಹೆಚ್ಚು. ಒಂದು ಹಾಡು ಗೆದ್ದಿತೆಂದರೆ ಜನ ಅದೇ ಬಗೆಯದನ್ನು ಮತ್ತೆ ಕೇಳುತ್ತಾರೆ, ಕಂಪನಿ ಅದನ್ನೇ ಮಾಡಿಸುತ್ತದೆ. ಹೊಸದನ್ನು ಕಲಿಯಲು ಆಮೇಲೆ ಪುರಸೊತ್ತಿರುವುದಿಲ್ಲ.

ಅಪ್ಪಟ ಒಂದೇ ಹಾಡಿನವರು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ನೆಬ್ರಾಸ್ಕಾದ ಝೇಗರ್ ಮತ್ತು ಇವಾನ್ಸ್ ಜೋಡಿಯ ‘ಇನ್ ದಿ ಇಯರ್ 2525’ ಹಾಡು 1969ರ ಬೇಸಿಗೆಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಬ್ರಿಟನ್ನಿನಲ್ಲೂ ಮೊದಲ ಸ್ಥಾನ. ಆಮೇಲೆ ಎರಡೂ ದೇಶಗಳ ಪಟ್ಟಿಯಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಆದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವಾರ ಅಮೆರಿಕದ ನಂಬರ್ ಒನ್ ಹಾಡು ಅದಾಗಿತ್ತು. ಯಂತ್ರಗಳ ಕೈಗೆ ಸಿಕ್ಕ ಮನುಷ್ಯನ ಭವಿಷ್ಯದ ಕುರಿತ ಹಾಡು, ಆ ವಾರ! ಅಂಥ ಹಾಡು ಒಂದೇ ಆದರೇನು? ಹಾಡಿದವರಲ್ಲೊಬ್ಬರಾದ ಡೆನ್ನಿ ಝೇಗರ್ ಮುಂದೆ ತಮ್ಮ ಊರಿನಲ್ಲಿ ಗಿಟಾರ್ ತಯಾರಿಸುವ ಕಸುಬು ಹಿಡಿದರು.

ಓದುಗರಲ್ಲಿ ಒಂದು ಕೋರಿಕೆ. ಈಗ ಯಾರೂ ಅಂಗಡಿಗೆ ಚೀಟಿ ಬರೆದುಕೊಡಬೇಕಿಲ್ಲ, ಕ್ಯಾಸೆಟ್ಟಿನಲ್ಲಿ ಜಾಗ ಸಾಲದೆಂಬ ಚಿಂತೆಯೂ ಇಲ್ಲ. ಇಂಥ ಪಟ್ಟಿಯೊಂದು ಕಣ್ಣಿಗೆ ಬಿದ್ದಾಗ ಅದರಲ್ಲಿರುವ ಹಾಡನ್ನು ಬದಿಗಿಡಿ, ಅದೇ ಕಲಾವಿದರ ಇನ್ನೊಂದು ಹಾಡನ್ನು ಹುಡುಕಿ ಕೇಳಿ. ಸಾಫ್ಟ್ ಸೆಲ್‌ನ ‘ಸೇ ಹಲೋ, ವೇವ್ ಗುಡ್‌ಬೈ’ ಆಗಬಹುದು, ಸಾಕಾಮೋಟೊ ಅವರ ‘ಆಶಿತ ಗ ಅರು ಸಾ’ ಆಗಬಹುದು. ಎ-ಹಾದಿಂದ ಶುರುಮಾಡುವುದಾದರೆ ‘ದಿ ಸನ್ ಆಲ್ವೇಸ್ ಶೈನ್ಸ್ ಆನ್ ಟಿವಿ’ ವಿಡಿಯೋ ನೋಡಿ. ಪೆನ್ಸಿಲ್ ಗೆರೆಯ ಹುಡುಗ, ಕಾಮಿಕ್ಸ್ ಓದುತ್ತಿದ್ದ ಹುಡುಗಿ ಇಬ್ಬರೂ ಅಲ್ಲಿದ್ದಾರೆ. ‘ಟೇಕ್ ಆನ್ ಮಿ’ ಮುಗಿದಲ್ಲಿಂದಲೇ ಅದು ಶುರುವಾಗುತ್ತದೆ.